ವಾಗಣಗೇರಾದ ಕಾಡು, ಬೋನಾಳದ ನೀರು

1705ರ ಫೆಬ್ರವರಿ 8ರಂದು ಮೊಗಲ್ ಚಕ್ರವರ್ತಿ ಔರಂಗಜೇಬನು ತನ್ನ ಎಂಬತ್ತಾರನೆಯ ವಯಸ್ಸಿನಲ್ಲಿ ವಾಗಣಗೇರಾ ಕೋಟೆಯ ಎದುರಿಗೆ ಬಂದು ನಿಂತನು. 1686ರಲ್ಲಿ ವಿಜಯಪುರದ ಆದಿಲಶಾಹಿಯನ್ನೂ 1687ರಲ್ಲಿ ಗೋಲ್ಕೊಂಡದ ಕುತುಬಶಾಹಿಯನ್ನೂ ನೆಲಸಮಗೊಳಿಸಿದ, ಕಾಬೂಲಿನಿಂದ ಕಾವೇರಿಯ ಆಚೆಯವರೆಗೆ ತನ್ನ ನಾಣ್ಯ ನಡೆಸಿದ ಆ ವೃದ್ಧ ಸಾರ್ವಭೌಮನಿಗೆ, ಇಂದಿನ ಸುರಪುರ ತಾಲ್ಲೂಕಿನ ಒಂದು ಗುಡ್ಡದ ಮೇಲಿನ ಕೋಟೆಯನ್ನು ಹಿಡಿಯಲು ಸ್ವತಃ ದಂಡೆತ್ತಿ ಬರಬೇಕಾಯಿತು. ಒಳಗಿದ್ದವನು ಬೇಡರ ದೊರೆ ಪಿಡ್ಡನಾಯಕ. ಅವನ ಬಳಿ ಮೊಗಲರಷ್ಟು ಆನೆಗಳಿರಲಿಲ್ಲ, ತೋಪುಗಳಿರಲಿಲ್ಲ, ಬೊಕ್ಕಸವಿರಲಿಲ್ಲ. ಗುರಿ ತಪ್ಪದ ಕಾಲಾಳು ಬಂದೂಕುಗಾರರಿದ್ದರು. ಅವರಿಗೆ ಆಶ್ರಯವಾಗಿ ಬಂಡೆ, ಕಣಿವೆ, ಕಂಟಿಗಳ ಒಂದು ಕಠೋರ ಅರಣ್ಯಭೂಮಿಯಿತ್ತು. ಕೋಟೆಯೆದುರಿನ ಗುಡ್ಡವನ್ನು ಮೊಗಲರು ಗೆದ್ದರು, ಬೇಡರು ಮರಳಿ ಕಸಿದುಕೊಂಡರು. ನಾಯಕನ ನೆರವಿಗೆ ಧನಾಜಿ ಜಾಧವನ ಮರಾಠಾ ಅಶ್ವಪಡೆ ಧಾವಿಸಿ ಬಂದಿತು. ಸಂಧಿಯ ಮಾತು ನಡೆಯಿತು, ಮುರಿಯಿತು. ಕೊನೆಗೆ ಜುಲ್ಫಿಕರ್ ಖಾನನು ಬಂದು ಕೋಟೆಯ ಅಡಿಯ ತಳವಾರಗೇರಾ ಪೇಟೆಯನ್ನೂ ಬಾವಿಗಳನ್ನೂ ಹಿಡಿದು ಕೊರಳು ಬಿಗಿದಾಗ, ಏಪ್ರಿಲ್ 27ರ ರಾತ್ರಿ, ನಾಯಕನು ಮನೆಗಳಿಗೆ ಬೆಂಕಿಯಿಟ್ಟು ತನ್ನವರೊಡನೆ ಕತ್ತಲಲ್ಲಿ ಕರಗಿಹೋದನು. ಚಕ್ರವರ್ತಿಯ ಕೈಗೆ ಸಿಕ್ಕಿದ್ದು ಬರಿದಾದ ಕೋಟೆ. ಆ ಮುತ್ತಿಗೆಯೇ ಅವನ ಬಾಳಿನ ಕಡೆಯ ಮುತ್ತಿಗೆಯಾಯಿತು. ಸಮೀಪದ ದೇವಾಪುರದ ಬೀಡಿನಲ್ಲಿ ಅವನು ಕಾಯಿಲೆ ಬಿದ್ದು ತಿಂಗಳುಗಟ್ಟಲೆ ನರಳಿ, ಪಲ್ಲಕ್ಕಿಯಲ್ಲಿ ಅಹಮದನಗರದತ್ತ ಹೊರಟು, 1707ರಲ್ಲಿ ಅಲ್ಲಿ ಕಣ್ಣು ಮುಚ್ಚಿದನು. ಪಿಡ್ಡನಾಯಕನಾದರೋ ಬದುಕಿದನು, ಮರಳಿ ಬಂದನು, ಸುರಪುರವೆಂಬ ಹೊಸ ರಾಜಧಾನಿಯನ್ನೇ ಕಟ್ಟಿದನು.

ಈ ಕಥನವನ್ನು ನಾವು ಶೌರ್ಯದ ಕಥನವೆಂದು ಓದುತ್ತ ಬಂದಿದ್ದೇವೆ. ಅದು ನಿಜವೂ ಹೌದು. ಆದರೆ ಆ ಶೌರ್ಯಕ್ಕೆ ಆಧಾರವಾಗಿ ನಿಂತ ನೆಲವನ್ನು ನಮ್ಮ ಇತಿಹಾಸಗಳು ಮರೆತಿವೆ. ನಾಯಕರ ಸೈನ್ಯದಲ್ಲಿ ಆ ಕಾಡೂ ಒಂದು ದಳವಾಗಿತ್ತು. ಪಿಡ್ಡನಾಯಕನಿಗಿಂತ ಹಿಂದೆ ಪಾಮನಾಯಕನು ಸಗರವನ್ನು ಆಳುತ್ತ ವಿಜಯಪುರಕ್ಕೆ ಆಪತ್ಕಾಲದ ಬೆಂಬಲವಾಗಿದ್ದಾಗಲೂ, ಅವನ ಬಲವಿದ್ದದ್ದು ಕೃಷ್ಣೆ ಭೀಮೆಯರ ನಡುವಣ ಈ ಗುಡ್ಡಗಾಡನ್ನು ಹಸ್ತರೇಖೆಯಂತೆ ಬಲ್ಲ ಜನರಲ್ಲಿ. ಬೇಟೆ ಅವರ ಕುಲವೃತ್ತಿ. ಯಾವ ಹಳ್ಳದಲ್ಲಿ ಬೇಸಗೆಯಲ್ಲೂ ಒರತೆಯಿದೆ, ಯಾವ ಇಳಿಜಾರಿನಲ್ಲಿ ಜಿಂಕೆಯ ಹಿಂಡು ಮೇಯುತ್ತದೆ, ಯಾವ ಕಂಟಿಯ ಮರೆಯಲ್ಲಿ ತೋಳ ಮರಿ ಹಾಕುತ್ತದೆ ಎಂಬುದೆಲ್ಲ ಅವರಿಗೆ ರಾಜ್ಯಶಾಸ್ತ್ರದ ಪಾಠಗಳೇ ಆಗಿದ್ದವು. ಕಾಡನ್ನು ಕಾಯುವ ದೊರೆ ನೀರನ್ನೂ ಕಾಯಬೇಕಾಗುತ್ತದೆ. ಸುರಪುರದ ಸಮೀಪ ಬೋನಾಳದಲ್ಲಿ 17ನೆಯ ಶತಮಾನದಲ್ಲಿ ವಿಶಾಲವಾದ ಕೆರೆಯೊಂದನ್ನು ಕಟ್ಟಿಸಿದ ಕೀರ್ತಿಯನ್ನು ಪರಂಪರೆಯು ರಾಜಾ ಪಾಮನಾಯಕನಿಗೆ ಸಲ್ಲಿಸುತ್ತದೆ. ಆ ದೊರೆ 1687ರ ಕೊನೆಯಲ್ಲಿ ಸಗರವನ್ನು ಮೊಗಲರಿಗೆ ಒಪ್ಪಿಸಿ, ಚಕ್ರವರ್ತಿಯ ದರ್ಬಾರಿಗೆ ಹೋದ ಕೆಲವೇ ದಿನಗಳಲ್ಲಿ ತೀರಿಕೊಂಡನು. ಅವನ ಸಗರ ಕೈತಪ್ಪಿತು, ಅವನನ್ನು ಸೋಲಿಸಿದ ಸಾಮ್ರಾಜ್ಯವೂ ಅಳಿಯಿತು. ಬೋನಾಳದ ಏರಿ ಮಾತ್ರ ಇಂದಿಗೂ ನೀರು ತಡೆದು ನಿಂತಿದೆ. ನಾಯಕರ ಸಂಸ್ಥಾನದ ಎಷ್ಟು ವ್ಯವಸ್ಥೆಗಳು ಇಂದು ತಮ್ಮ ಕೆಲಸವನ್ನು ಮಾಡುತ್ತಿವೆ ಎಂದು ಎಣಿಸಹೊರಟರೆ, ನನ್ನ ಲೆಕ್ಕದಲ್ಲಿ ಮೊದಲ ಸ್ಥಾನ ಈ ಕೆರೆಯದೇ.

ನಾಯಕರಿಗಿಂತ ಬಹು ಹಿಂದಕ್ಕೆ, ಅರಸರೂ ಅಕ್ಷರಗಳೂ ಇಲ್ಲದ ಯುಗಕ್ಕೆ ಹೋದರೆ ಈ ನೆಲದ ಗಾಂಭೀರ್ಯ ಇನ್ನೂ ಹೆಚ್ಚುತ್ತದೆ. ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಕ್ತನಶಾಸ್ತ್ರಜ್ಞ ಕೆ. ಪದ್ದಯ್ಯನವರು ದಶಕಗಳ ಕಾಲ ಶೋಧಿಸಿ, ಆದಿಮಾನವನ ನೆಲೆಗಳನ್ನು ಒಂದರ ಹಿಂದೆ ಒಂದರಂತೆ ಬೆಳಕಿಗೆ ತಂದರು. ಅವುಗಳಲ್ಲಿ ಇಸಾಂಪುರವು ಸುಣ್ಣಕಲ್ಲಿನಿಂದ ಕೈಗೊಡಲಿಗಳನ್ನು ತಯಾರಿಸುತ್ತಿದ್ದ ಕಲ್ಲಿನ ಕಾರ್ಯಾಗಾರ; ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲಿನ ಪರೀಕ್ಷೆಯಿಂದ ಅದರ ಕಾಲ ಸುಮಾರು 12 ಲಕ್ಷ ವರ್ಷಗಳಷ್ಟು ಹಿಂದಿನದೆಂದು ಅಂದಾಜಾಯಿತು. ಸದಬ, ತೆಗ್ಗಿಹಳ್ಳಿಗಳಲ್ಲಿ ಆನೆಯ ಹಲ್ಲುಗಳೂ ಕಾಡುದನದ ಅವಶೇಷಗಳೂ ದೊರೆತವು. ಇಂದು ಭತ್ತದ ಗದ್ದೆಯಾಗಿರುವ ಈ ಕಣಿವೆಯಲ್ಲಿ ಒಂದು ಕಾಲಕ್ಕೆ ಗಜಯೂಥಗಳು ಸಂಚರಿಸುತ್ತಿದ್ದವು. ಬುಗ್ಗೆಗಳ ನೀರನ್ನು ಅವೂ ಮನುಷ್ಯನೂ ಹಂಚಿಕೊಂಡು ಕುಡಿದರು. ಆಮೇಲೆ, ಈಗ್ಗೆ ಸುಮಾರು 4,000 ವರ್ಷಗಳ ಹಿಂದೆ, ಬೂದಿಹಾಳದಲ್ಲಿ ನವಶಿಲಾಯುಗದ ಗೋಪಾಲಕರು ದೊಡ್ಡ ದೊಡ್ಡ ದನದ ದೊಡ್ಡಿಗಳನ್ನು ನಿರ್ಮಿಸಿದರು. ವರ್ಷವರ್ಷವೂ ಕೂಡಿಟ್ಟು ಸುಟ್ಟ ಸಗಣಿಯ ಬೂದಿ ಅಲ್ಲಿ ದಿಬ್ಬವಾಗಿ ಉಳಿದಿದೆ. ಅಷ್ಟು ದನಗಳಿಗೆ ಮೇವು ಕೊಟ್ಟದ್ದು ಯಾವುದು? ಇದೇ ಬಯಲಿನ ಹುಲ್ಲುಗಾವಲು. ಹುಲ್ಲು, ಕುರುಚಲು, ಬನ್ನಿ, ಬೋರೆ, ಕಾರೆ, ಕವಳೆ, ಮುತ್ತುಗಗಳಿಂದ ಕೂಡಿದ ಈ ಒಣಭೂಮಿಯನ್ನು ದಟ್ಟಾರಣ್ಯದ ಕಣ್ಣಿನಿಂದ ನೋಡಿ ಬಂಜರೆಂದು ಕರೆದದ್ದು ಬಹಳ ಈಚಿನ ಕಂದಾಯ ಲೆಕ್ಕಪತ್ರಗಳ ಅಪಚಾರ. ಗಾಯರಾಣ, ಖಾರೀಜ್ ಖಾತೆ ಎಂದು ಕಾಗದದಲ್ಲಿ ಬರೆದ ಕೂಡಲೇ ಅದು ಯಾರಾದರೂ ಬಂದು ಕಿತ್ತುಕೊಳ್ಳಬಹುದಾದ ಅನಾಥ ಭೂಮಿಯಾಯಿತು.

ಸುರಪುರದ ಸಂಸ್ಥಾನಕ್ಕೆ ವಿಧಿ ಇನ್ನೊಂದು ದಿಕ್ಕಿನಿಂದ ಬಂದಿತು. 1840ರ ದಶಕದ ಆರಂಭದಲ್ಲಿ ರಾಜಾ ಕೃಷ್ಣಪ್ಪ ನಾಯಕನು ತೀರಿಕೊಂಡು, ಮಗ ವೆಂಕಟಪ್ಪನು ಇನ್ನೂ ಬಾಲಕನಾಗಿದ್ದಾಗ, ರಾಣಿ ಈಶ್ವರಮ್ಮನ ದರ್ಬಾರಿನ ಕಲಹಗಳ ನಡುವೆ ಕಂಪನಿಯ ಪರವಾಗಿ ಕ್ಯಾಪ್ಟನ್ ಮೆಡೋಸ್ ಟೇಲರ್ ಸಂಸ್ಥಾನದ ಆಡಳಿತಕ್ಕೆ ಬಂದನು. 1853ರವರೆಗೆ ಅವನು ಇಲ್ಲಿದ್ದನು. ಪರಕೀಯ ಪ್ರಭುತ್ವದ ಅಧಿಕಾರಿ ಎಂಬುದನ್ನು ಮರೆಯದೆಯೂ ಅವನ ಕೆಲಸಕ್ಕೆ ಗೌರವ ಸಲ್ಲಿಸಬಹುದು: ಭೂಮಾಪನ ಮಾಡಿಸಿದನು, ರಾಜನಕೋಳೂರಿನ ಬೃಹತ್ ಶಿಲಾಗೋರಿಗಳನ್ನು ಮೊದಲು ವಿವರವಾಗಿ ದಾಖಲಿಸಿದನು, ಪಾಮನಾಯಕನ ಬೋನಾಳ ಕೆರೆಯನ್ನು ಮತ್ತೆ ವಿಸ್ತರಿಸಿದನು. ಜನ ಅವನನ್ನು ಮಹಾದೇವ ಬಾಬಾ ಎಂದು ಕರೆದರು. ವೆಂಕಟಪ್ಪನು ತನ್ನ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಮರಣಹೊಂದುವನೆಂದು ಜಾತಕದಲ್ಲಿ ಬರೆದಿತ್ತೆಂದು ಟೇಲರನೇ ತನ್ನ ಆತ್ಮಕಥೆಯಲ್ಲಿ ಹೇಳಿದ್ದಾನೆ. 1858ರ ಫೆಬ್ರವರಿಯಲ್ಲಿ ಆ ತರುಣ ದೊರೆ ಕಂಪನಿಯ ವಿರುದ್ಧ ಖಡ್ಗವೆತ್ತಿದನು. ಸುರಪುರದ ಬೀದಿಗಳಲ್ಲೂ ಬೆಟ್ಟಗಳಲ್ಲೂ ಬೇಡರು ಕಾದಿದರು. ದೊರೆ ಹೈದರಾಬಾದಿನಲ್ಲಿ ಸೆರೆಸಿಕ್ಕನು. ಶಿಕ್ಷೆಗೊಳಗಾಗಿ ಚೆಂಗಲ್ಪಟ್ಟಿಗೆ ಸಾಗಿಸಲ್ಪಡುತ್ತಿರುವಾಗ ಮೇ ತಿಂಗಳಲ್ಲಿ ಗುಂಡೇಟಿನಿಂದ ಸತ್ತನು. ಜಾತಕದ ಲೆಕ್ಕ ತಪ್ಪಲಿಲ್ಲ. 1860ರಲ್ಲಿ ಸುರಪುರವನ್ನು ಬ್ರಿಟಿಷರು ನಿಜಾಮನಿಗೆ ಉಡುಗೊರೆಯಾಗಿ ಒಪ್ಪಿಸಿದರು. ಔರಂಗಜೇಬನು ತೋಪುಗಳಿಂದ ಸಾಧಿಸಲಾಗದ್ದನ್ನು ಒಂದು ಕಾಗದದ ತುಂಡು ಸಾಧಿಸಿತು.

ನಿಜಾಮನ ಕಾಲದ ಕಥೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಮುಂಬೈ–ಮದ್ರಾಸು ರೈಲುಮಾರ್ಗ ಯಾದಗಿರಿಯ ಮೂಲಕ ಹಾದು 1871ರಲ್ಲಿ ರಾಯಚೂರಿನಲ್ಲಿ ಕೂಡಿತು. 1948ರ ಸೆಪ್ಟೆಂಬರಿನಲ್ಲಿ ನಿಜಾಮಶಾಹಿ ಅಂತ್ಯಗೊಂಡಿತು, 1956ರಲ್ಲಿ ಯಾದಗಿರಿ, ಶಹಾಪುರ, ಸುರಪುರಗಳು ಕನ್ನಡ ನಾಡಿನೊಡನೆ ಒಂದಾದವು. 2009ರ ಡಿಸೆಂಬರಿನಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯೆನಿಸಿತು. ಪ್ರಭುತ್ವಗಳು ಬದಲಾದರೂ ಗುಡ್ಡಗಳು ಗುಡ್ಡಗಳಾಗಿಯೇ, ಕುರಿಗಾಹಿಗಳ ದಾರಿ ಕುರಿಗಾಹಿಗಳ ದಾರಿಯಾಗಿಯೇ ಬಹುಕಾಲ ಉಳಿದಿದ್ದವು.

ನಿಜವಾದ ಯುಗಾಂತರವಾದದ್ದು ನೀರಿನ ಮೂಲಕ. ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಜಲಾಶಯ, ನಾವು ಬಸವಸಾಗರವೆಂದು ಕರೆಯುವ ಆ ಮಹಾ ಜಲರಾಶಿ, 1982ರಲ್ಲಿ ಪೂರ್ಣಗೊಂಡಿತು. ಅದರ ಎಡದಂಡೆ ಕಾಲುವೆ ಹುಣಸಗಿ, ಸುರಪುರ, ಶಹಾಪುರದ ಬಯಲಿಗೆ ಕೃಷ್ಣೆಯನ್ನು ತಂದಿತು. ಶತಶತಮಾನಗಳ ಬರಗಾಲವನ್ನು ಉಂಡ ಜನ ಆ ನೀರನ್ನು ಪೂಜಿಸಿದ್ದರಲ್ಲಿ ಯಾವ ಆಶ್ಚರ್ಯವೂ ಇಲ್ಲ. ಗುಳೆ ಹೋಗುವ ಸಂಸಾರಗಳನ್ನು ಕಣ್ಣಾರೆ ಕಂಡವರು ಆ ಕಾಲುವೆಯನ್ನು ಹಗುರವಾಗಿ ಆಡಲಾರರು, ನಾನೂ ಆಡಲಾರೆ. ಆದರೆ ಅಷ್ಟೇ ಸತ್ಯವಾದ ಇನ್ನೊಂದು ಸಂಗತಿಯೂ ಉಂಟು. ಬಿಳಿಜೋಳ ಬೆಳೆಯುತ್ತಿದ್ದ ಎರೆಭೂಮಿಯಲ್ಲಿ ಭತ್ತ ಬಂದಿತು. ಬಸಿಗಾಲುವೆಗಳಿಲ್ಲದ ಕಡೆ ನೀರು ನಿಂತು ನೆಲ ಜವುಳಾಯಿತು, ಉಪ್ಪೇರಿತು. ಹುಲ್ಲುಗಾವಲುಗಳು ಹೊಲಗಳಾದವು, ಮಿಕ್ಕ ಗಾಯರಾಣಗಳ ಮೇಲೆ ಇನ್ನಷ್ಟು ಕುರಿ, ದನಗಳ ಭಾರ ಬಿತ್ತು. ಈಚೆಗೆ ಯಾದಗಿರಿ ಸೀಮೆಯ ಕಡೇಚೂರು–ಬಾಡಿಯಾಳದಲ್ಲಿ 3,000 ಎಕರೆಗೂ ಮಿಕ್ಕಿದ ಭೂಮಿ ಕೈಗಾರಿಕಾ ಪ್ರದೇಶವಾಗಿ, ಅಲ್ಲಿಗೆ ಔಷಧ ಹಾಗೂ ರಾಸಾಯನಿಕ ಕಾರ್ಖಾನೆಗಳು ಬಂದವು. ಸುತ್ತಲಿನ ಹಳ್ಳಿಗಳವರು ಗಾಳಿಯ ದುರ್ವಾಸನೆಯ ಬಗೆಗೂ ನೀರಿನ ಬಗೆಗೂ ದೂರುತ್ತಿದ್ದಾರೆ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಯೂಸುಫ್, ಇಸ್ಮಾಯಿಲ್, ಮೊದಲ ಇಬ್ರಾಹಿಂ ಎಂಬ ಆದಿಲಶಾಹಿಯ ಆದ್ಯ ಸುಲ್ತಾನರು ಸೂಫಿ ಸಂತ ಚಂದಾ ಹುಸೇನಿಯವರ ದರ್ಗಾದ ನೆರಳಿನಲ್ಲಿ ಮಲಗಿರುವ ಆ ಪುಣ್ಯಭೂಮಿಯಲ್ಲಿ, ಯುರೇನಿಯಂ ನಿಕ್ಷೇಪ ಪತ್ತೆಯಾಗಿ ಪರಿಶೋಧನಾ ಗಣಿ ತೋಡಲಾಯಿತು. ತಮ್ಮ ಬಾವಿಯ ನೀರಿಗೆ ಏನಾದೀತು ಎಂದು ಊರವರು ಎದ್ದು ನಿಂತು ಕೇಳಿದರು. ಒಂದು ಸೀಮೆಯ ಜನ ತಮ್ಮ ಅಂತರ್ಜಲಕ್ಕಾಗಿ ಕೇಳುವ ಪ್ರಶ್ನೆಯನ್ನು ಪ್ರಗತಿವಿರೋಧವೆಂದು ತಳ್ಳಿಹಾಕುವವರಿಗೆ ಈ ನೆಲದ ಚರಿತ್ರೆ ಗೊತ್ತಿಲ್ಲವೆಂದೇ ನಾನು ಹೇಳುತ್ತೇನೆ. ವಾಗಣಗೇರಾ ಬಿದ್ದದ್ದು ಬಾವಿಗಳು ಕೈತಪ್ಪಿದ ಮೇಲೆ.

ಈಗ ಈ ಶತಮಾನದ ದಂಡಯಾತ್ರೆಯ ವಿಷಯಕ್ಕೆ ಬರುತ್ತೇನೆ. ಇದರ ಸೇನಾಪತಿಗೆ ಪತಾಕೆಯಿಲ್ಲ, ಭೇರಿಯಿಲ್ಲ; ನಾವೆಲ್ಲ ಅವನನ್ನು ಬಳ್ಳಾರಿ ಜಾಲಿ ಎಂದು ಬಲ್ಲೆವು. ಈ ಕಂಟಿಯ ತವರು ಅಮೆರಿಕ ಖಂಡ. ದಕ್ಷಿಣ ಭಾರತವನ್ನು ಸುಟ್ಟ ಮಹಾಕ್ಷಾಮದ ಕಾಲದಲ್ಲಿಯೇ, 1877ರ ಸುಮಾರಿಗೆ, ಜಮೈಕಾದಿಂದ ಬಂದ ಅದರ ಬೀಜವನ್ನು ಕಡಪ ಸೀಮೆಯ ಕಮಲಾಪುರದಲ್ಲಿ ಬಿತ್ತಿದರು. ಉದ್ದೇಶ ಒಳ್ಳೆಯದೇ ಆಗಿತ್ತು: ಮಳೆಯಿಲ್ಲದ ನಾಡಿಗೆ ಉರುವಲು, ನೆರಳು, ಸವೆಯುವ ಮಣ್ಣಿಗೆ ಹಿಡಿತ. ಜೋಧಪುರದ ಸಂಸ್ಥಾನವು 1940ರಲ್ಲಿ ಇದಕ್ಕೆ ರಾಜವೃಕ್ಷದ ಪದವಿಯನ್ನೇ ಕೊಟ್ಟು ಪ್ರಜೆಗಳಿಗೆ ಕಾಪಾಡುವಂತೆ ಆಜ್ಞೆ ಮಾಡಿತು. 1960ರ ದಶಕದ ಆರಂಭದಲ್ಲಿ ಕಛ್‌ನ ಬನ್ನಿ ಎಂಬ ಹೆಸರಿನ ಹುಲ್ಲುಗಾವಲಿನ ಅಂಚಿನಲ್ಲಿ, ರಣದ ಉಪ್ಪು ಮುಂದೊತ್ತದಿರಲೆಂದು, ಸಾವಿರಾರು ಹೆಕ್ಟೇರುಗಳಲ್ಲಿ ಇದನ್ನೇ ನೆಟ್ಟರು. ಏಷ್ಯಾದ ಶ್ರೇಷ್ಠ ಹುಲ್ಲುಗಾವಲುಗಳಲ್ಲಿ ಒಂದೆನಿಸಿದ್ದ ಆ ಬಯಲನ್ನು ಕೆಲವೇ ದಶಕಗಳಲ್ಲಿ ಅದು ಬಹುಪಾಲು ನುಂಗಿತು. ತಮಿಳುನಾಡಿನಲ್ಲಿ ಇದನ್ನು ಕಿತ್ತೊಗೆಯಬೇಕೆಂದು 2017ರಲ್ಲಿ ಉಚ್ಚ ನ್ಯಾಯಾಲಯವೇ ಆದೇಶಿಸಬೇಕಾಯಿತು. ಆಹ್ವಾನಿಸಿದವರ ಮನೆಯನ್ನೇ ಆಕ್ರಮಿಸಿಕೊಂಡ ದಂಡುಗಳ ಕಥೆ ನಮ್ಮ ರಾಜಕೀಯ ಚರಿತ್ರೆಯಲ್ಲಿ ಅನೇಕ. ಸಸ್ಯಲೋಕದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆಯನ್ನು ನಾನರಿಯೆ.

ಇದರ ಯುದ್ಧತಂತ್ರವನ್ನು ಬಲ್ಲವರಿಗೆ ಇದರ ವಿಜಯ ಅಚ್ಚರಿ ತರುವುದಿಲ್ಲ. ಎಲೆಯನ್ನು ಆಡೂ ಒಲ್ಲದು, ಕಾಯಿಯಾದರೋ ಸಿಹಿ. ಕುರಿ, ಆಡು, ದನಗಳು ಕಾಯಿಯನ್ನು ಆಸೆಯಿಂದ ತಿನ್ನುತ್ತವೆ, ಜೀರ್ಣವಾಗದ ಬೀಜವನ್ನು ಹಿಕ್ಕೆ, ಸಗಣಿಯೊಡನೆ ಹತ್ತೂರಿಗೆ ಹಂಚುತ್ತವೆ. ಹಳ್ಳದ ಪ್ರವಾಹ ಅದನ್ನು ಕೆರೆಯ ಅಂಗಳಕ್ಕೆ ಮುಟ್ಟಿಸುತ್ತದೆ. ಕಡಿದರೆ ಬುಡದಿಂದ ಹತ್ತು ಚಿಗುರು ಹೊರಡುತ್ತವೆ. ಬೇರು ಆಳಕ್ಕಿಳಿದು, ಬೇರೆ ಗಿಡಗಳಿಗೆ ಎಟುಕದ ನೀರನ್ನು ಹೀರುತ್ತದೆ. ಉದುರಿದ ಎಲೆಯ ರಸ ಕೆಳಗೆ ಮತ್ತೊಂದು ಮೊಳಕೆಯನ್ನು ಸುಲಭವಾಗಿ ಏಳಗೊಡುವುದಿಲ್ಲ. ಉಪ್ಪೇರಿದ ಜವುಳು ನೆಲ ಅದಕ್ಕೆ ಅನುಕೂಲವೇ. ಕಾಲುವೆ ಕೆಡಿಸಿ ಬಿಟ್ಟ ಭೂಮಿಗೆ ಮೊದಲ ಹಕ್ಕುದಾರನಾಗಿ ಅದು ಬಂದು ನಿಲ್ಲುತ್ತದೆ. ಯಾದಗಿರಿ ಸೀಮೆಯಲ್ಲಿ ಇಂದು ರಸ್ತೆಯ ಇಕ್ಕೆಲ, ಕಾಲುವೆಯ ದಂಡೆ, ಹಳ್ಳದ ಪಾತ್ರ, ಗಾಂವಠಾಣದ ಅಂಚು, ಪಾಳುಬಿದ್ದ ಕೋಟೆಯ ಅಗಳು, ಎಲ್ಲಿ ನೋಡಿದರೂ ಇದೇ ಹಸಿರು. ದೂರದಿಂದ ನೋಡಿದವರು ಕಾಡು ಬೆಳೆದಿದೆಯೆಂದು ಹಿಗ್ಗುತ್ತಾರೆ. ಒಳಹೊಕ್ಕು ನೋಡಿದವನಿಗೆ ಹುಲ್ಲಿನ ಒಂದು ಎಸಳೂ ಅಪರೂಪ. ಬಯಲಿನಲ್ಲಿ ಓಡಿ ಬದುಕುವ ಕೃಷ್ಣಮೃಗಕ್ಕೆ ಆ ಮುಳ್ಳಿನ ಗೋಡೆಯೊಳಗೆ ಓಟವಿಲ್ಲ, ತೋಳಕ್ಕೆ ಬೇಟೆಯಿಲ್ಲ, ನೆಲದ ಮೇಲೆ ಗೂಡು ಮಾಡುವ ಹಕ್ಕಿಗೆ ನೆಲವೇ ಇಲ್ಲ. ರಾಜ್ಯದಲ್ಲಿಯೇ ಅತ್ಯಲ್ಪ ಅರಣ್ಯವುಳ್ಳ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಯರಗೋಳ, ಗುರುಮಠಕಲ್ ಕಡೆಯ ಗುಡ್ಡಸಾಲುಗಳಲ್ಲಿ ಎಲೆಯುದುರಿಸುವ ಕುರುಚಲು ಕಾಡು ಅಷ್ಟಿಷ್ಟು ಉಳಿದಿದೆ. ಇರುವ ಇಷ್ಟರ ಸುತ್ತ ಈ ಪಡೆ ಬೀಡುಬಿಟ್ಟಿದೆ.

ವಿಧಿಯ ಕ್ರೂರ ವಿನೋದವೆಂದರೆ, ಸಸ್ಯಶಾಸ್ತ್ರದ ಹಳೆಯ ವರ್ಗೀಕರಣದಲ್ಲಿ ಈ ಬಳ್ಳಾರಿ ಜಾಲಿಯೂ ನಮ್ಮ ಬನ್ನಿಯೂ ಒಂದೇ ಕುಲದ ದಾಯಾದಿಗಳು. ಪಾಂಡವರು ಆಯುಧಗಳನ್ನಿಟ್ಟ ಶಮೀವೃಕ್ಷವೆಂದು ವಿಜಯದಶಮಿಯಂದು ಪ್ರದಕ್ಷಿಣೆ ಬಂದು, ಅದರ ಎಲೆಯನ್ನು ಬಂಗಾರವೆಂದು ಹಿರಿಯರ ಕೈಗಿತ್ತು ಕಾಲಿಗೆರಗುವ ನಮ್ಮ ಸೀಮೆಯಲ್ಲಿ ಬನ್ನಿಯ ಮರಗಳು ವರ್ಷವರ್ಷಕ್ಕೆ ವಿರಳವಾಗುತ್ತಿವೆ. ಬನ್ನಿ ನಿಧಾನವಾಗಿ ಬೆಳೆಯುತ್ತದೆ, ತನ್ನ ನೆರಳಿನಲ್ಲಿ ಜೋಳವನ್ನೂ ಹುಲ್ಲನ್ನೂ ಬದುಕಗೊಡುತ್ತದೆ. ಅದರ ಸೊಪ್ಪು ದನಕ್ಕೆ ಮೇವು. ದಾಯಾದಿಯಾದರೋ ತಾನಿದ್ದಲ್ಲಿ ಇನ್ನೊಬ್ಬರನ್ನು ಸಹಿಸದು. ವಿಜಯದಶಮಿಯ ದಿನ ಬನ್ನಿಗೆ ಕೈಮುಗಿದು ಬಂದ ಊರಿನವರು, ಊರ ಕೆರೆಯಲ್ಲಿ ಜಾಲಿಕಂಟಿ ಆಳೆತ್ತರ ಬೆಳೆದಿದ್ದನ್ನು ಕಂಡೂ ಕಾಣದಂತೆ ಇರುವುದು ನನಗೆ ಎದೆ ಹಿಂಡುವ ನೋಟ.

ಇಷ್ಟು ಹೇಳಿ, ಬಡವರ ಒಲೆಯ ಮಾತನ್ನು ಹೇಳದಿದ್ದರೆ ಅಧರ್ಮವಾದೀತು. ಸಾವಿರಾರು ಮನೆಗಳಲ್ಲಿ ರೊಟ್ಟಿ ಬೇಯುವುದು ಇದೇ ಜಾಲಿಯ ಕಟ್ಟಿಗೆಯಿಂದ. ಇದ್ದಿಲು ಸುಟ್ಟು ಮಾರಿ ಬದುಕುವವರುಂಟು, ಹೊಲಕ್ಕೆ ಬೇಲಿಯಾಗಿ ಇದರ ಮುಳ್ಳನ್ನೇ ನಂಬಿದ ರೈತರುಂಟು. ಆದ್ದರಿಂದ ಇದನ್ನು ನಿರ್ಮೂಲ ಮಾಡುವ ಸಂಕಲ್ಪ ಆ ಮನೆಗಳನ್ನು ಕೇಳಿಯೇ ಆಗಬೇಕು: ಮೊದಲು ಕೆರೆಯ ಅಂಗಳ, ಹಳ್ಳದ ಪಾತ್ರ, ಉಳಿದ ಹುಲ್ಲುಗಾವಲು, ಕಡಿದ ಕಟ್ಟಿಗೆ ಊರವರಿಗೇ. ಕಾಯಿ ಬಲಿತು ಉದುರುವ ಮೊದಲೇ ಬೇರುಸಹಿತ ಕೀಳಬೇಕು, ತೆರವಾದ ನೆಲದಲ್ಲಿ ಮೊದಲ ಮಳೆಗೇ ದೇಸಿ ಹುಲ್ಲು, ಬನ್ನಿ, ಬೋರೆ ಏಳಬೇಕು. ಜೆಸಿಬಿ ತಂದು ಒಂದು ದಿನ ಬಗೆದು, ಚಿತ್ರ ತೆಗೆಸಿಕೊಂಡು ಹೋದ ಕಡೆಗಳಲ್ಲಿ ಮಳೆಗಾಲ ಎರಡಾಗುವಷ್ಟರಲ್ಲಿ ಜಾಲಿ ಮೊದಲಿಗಿಂತ ಒತ್ತಾಗಿ ಎದ್ದಿದೆ. ಕಾಂಗ್ರೆಸ್ ಗಿಡವೂ, ನೀರಿನ ಮೇಲೆ ಹಾಸುವ ಅಂತರಗಂಗೆಯೂ ಇದೇ ದಂಡಿನ ಬೇರೆ ತುಕಡಿಗಳು. ಅವುಗಳ ಪ್ರಸಂಗ ಬೇರೆಯೇ ಬರೆಯತಕ್ಕದ್ದು.

ಬೋನಾಳವಿರುವುದು ಇಂಥ ಬಯಲಿನ ನಡುವೆ. ಸುಮಾರು 700 ಎಕರೆಯ ಆ ಜಲವಿಸ್ತಾರದಲ್ಲಿ ನೇರಳೆ ಬಕ, ಬಿಳಿ ಕತ್ತಿನ ಕೊಕ್ಕರೆ, ಬಿಳಿ ಮತ್ತು ಕರಿ ಕೆಂಬರಲು, ನಮ್ಮ ಪ್ರಾಚೀನ ಕವಿಗಳು ವಿರಹದ ರೂಪಕವಾಗಿಸಿದ ಚಕ್ರವಾಕ, ಹಿಮಾಲಯವನ್ನೇ ದಾಟಿ ಚಳಿಗಾಲಕ್ಕೆ ಇಳಿದುಬರುವ ಪಟ್ಟೆತಲೆ ಹೆಬ್ಬಾತು, ಇವೆಲ್ಲ ಅತಿಥಿಗಳು. ರಂಗನತಿಟ್ಟಿನ ನಂತರ ರಾಜ್ಯದ ಎರಡನೆಯ ದೊಡ್ಡ ಪಕ್ಷಿಧಾಮವೆಂದು ಸುರಪುರದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹೆಮ್ಮೆ ತಕ್ಕದ್ದೇ, ಆದರೆ ಪಕ್ಷಿಧಾಮದ ಅಭಿವೃದ್ಧಿಯೆಂದರೆ ದೋಣಿವಿಹಾರ, ಕಾಂಕ್ರೀಟ್ ಕಟ್ಟೆ, ಬಣ್ಣದ ದೀಪ ಎಂದು ಎಣಿಸುವವರ ಕೈಗೆ ಅದು ಹೋಗಬಾರದು. ಹಕ್ಕಿಗೆ ಬೇಕಾದದ್ದು ಕೆಸರಿನ ಅಂಚು, ಜೊಂಡು, ಗೂಡಿಗೆ ನೀರಿನ ನಡುವಣ ಮರ, ನಿಶ್ಶಬ್ದ. ವಿಜಯನಗರ ಜಿಲ್ಲೆಯ ಅಂಕಸಮುದ್ರದಲ್ಲಿ ಕೆರೆಯೊಳಗೆ ನಿಂತ ಕರಿಜಾಲಿಯ ತೋಪಿನ ಮೇಲೆಯೇ ಸಹಸ್ರಾರು ಹಕ್ಕಿಗಳು ಸಂಸಾರ ಹೂಡುತ್ತವೆ. ಆದುದರಿಂದ ಬಳ್ಳಾರಿ ಜಾಲಿಯನ್ನು ಕೀಳಹೊರಟವನಿಗೆ ದೇಸಿ ಕರಿಜಾಲಿಯನ್ನು ಗುರುತಿಸುವ ಕಣ್ಣಿರಬೇಕು. ಆ ಅಂಕಸಮುದ್ರವೂ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಪೂರ್ವಿಕರು ನೀರಾವರಿಗಾಗಿ ಕಟ್ಟಿದ ಬಯಲುಸೀಮೆಯ ಕೆರೆಗಳೇ. ಊರವರು, ಪಕ್ಷಿಪ್ರಿಯರು, ಅರಣ್ಯ ಇಲಾಖೆ ಸೇರಿ ಕಾಯ್ದ ಫಲವಾಗಿ 2024ರಲ್ಲಿ ಅಘನಾಶಿನಿಯೊಡನೆ ಅವೆರಡೂ ರಾಮ್ಸಾರ್ ಪಟ್ಟಿಗೆ ಸೇರಿ, 2022ರಲ್ಲಿ ಸೇರಿದ್ದ ರಂಗನತಿಟ್ಟಿನ ಪಕ್ಕದಲ್ಲಿ ಕುಳಿತವು. ಜಗತ್ತು ಮಾನ್ಯ ಮಾಡಿದ ಕರ್ನಾಟಕದ ಆ ನಾಲ್ಕು ಜಲಭೂಮಿಗಳ ಸಾಲಿನಲ್ಲಿ ಪಾಮನಾಯಕನ ಕೆರೆಯ ಹೆಸರಿಲ್ಲ.